ಹಂಗಳದ ನೀರು ತಿಗಣೆ, ಹ್ಯಾಂಬರ್ಗಿನ ಸೋಮವಾರ

ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಜರ್ಮನಿಗೆ ಹೋದವರು ನಮ್ಮ ತಾಲ್ಲೂಕಿನಲ್ಲಿ ನಾವೇ ಮೊದಲಿಗರಿರಬೇಕು. ಅದರಲ್ಲಿ ಚಿತ್ರಾನ್ನವಿರಲಿಲ್ಲ. ಪ್ರತಿ ಡಬ್ಬಿಯಲ್ಲೂ ಒಂದು ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಜೀವಂತವಾದ ಒಂದು ನೀರು ತಿಗಣೆ. ಒಂದೇ ಡಬ್ಬಿಯಲ್ಲಿ ಎರಡನ್ನು ಬಿಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಮುಚ್ಚಳಗಳಿಗೆ ಮೊಳೆ ಹೊಡೆದು ಗಾಳಿಗೆ ತೂತು ಮಾಡಿದ್ದು ನನ್ನ ಅವ್ವ. ಹೋದ ವರ್ಷ ಸಂತೆಯಲ್ಲಿ ಕೊಂಡ ಕ್ಯಾರಿಯರ್ ಅದು. ಹಾಳಾಯಿತೆಂದು ಅವಳಿಗೆ ಈಗಲೂ ಸಿಟ್ಟಿದೆ.

ಗುಂಡ್ಲುಪೇಟೆ, ಊಟಿ ರಸ್ತೆಯ ಬಂಕು

ನೀರು ತಿಗಣೆ ಎಂದರೆ ಹಾಸಿಗೆಯ ತಿಗಣೆಯಲ್ಲ. ನಮ್ಮ ಹಂಗಳದ ಕೆರೆಯಲ್ಲಿ ಒಣಗಿದ ಎಲೆಯ ಹಾಗೆ ಬಿದ್ದಿರುವ, ಹೆಬ್ಬೆರಳಿಗಿಂತ ಉದ್ದದ ಕಂದು ಹುಳು. ಮುಂಗಾಲು ಇಕ್ಕಳದಂತೆ. ಸಣ್ಣ ಮೀನನ್ನೂ ಹಿಡಿಯುತ್ತದೆ. ಕತ್ತಲಾದ ಮೇಲೆ ಕೆರೆಯಿಂದೆದ್ದು ದೀಪ ಹುಡುಕಿಕೊಂಡು ಹಾರುತ್ತದೆ. ಪೆಟ್ರೋಲ್ ಬಂಕಿನ ದೊಡ್ಡ ಲೈಟಿಗೆ ಡಿಕ್ಕಿ ಹೊಡೆದು ಬಿದ್ದವನ್ನು ಬೆಳಿಗ್ಗೆ ನಾವು ಆರಿಸಿಕೊಳ್ಳುತ್ತಿದ್ದೆವು. ಬಂಕಿನ ಸಿದ್ದಣ್ಣ ನಮ್ಮನ್ನು ಕಂಡಾಗಲೆಲ್ಲ, "ಬಂದ್ರಪ್ಪ ತಿಗಣೆ ಮೇಷ್ಟ್ರುಗಳು! ನಮ್ಮನೆ ಮಂಚದಲ್ಲೂ ಬೇಕಾದಷ್ಟವೆ, ಬನ್ನಿ, ಪುಗ್ಸಟ್ಟೆ ಕೊಡ್ತೀನಿ" ಎನ್ನುತ್ತಿದ್ದ.

ನಾವು ಎಂದರೆ ನಾನು ಮತ್ತು ಮಾದೇವಸ್ವಾಮಿ. ಅವನು ಸಂತೆಮರಹಳ್ಳಿಯವನು, ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ನನಗಿಂತ ಮೂರು ವರ್ಷ ಹಿರಿಯ. ನಾನು ಮಾದಣ್ಣ ಎನ್ನುತ್ತೇನೆ. ಅವನು ನನ್ನನ್ನು ಲೇ ರಾಜ ಎನ್ನುತ್ತಾನೆ. ನನ್ನದು ಬರೆದಿಡುವ ಕೆಲಸ: ಯಾವ ದಿನ, ಎಷ್ಟು ಹುಳು, ಗಂಡೆಷ್ಟು, ಹೆಣ್ಣೆಷ್ಟು. ಅವನದು ಕೈಕೆಲಸ. ಹುಳುವಿನ ಎದೆ ಬಿಡಿಸಿ, ರೆಕ್ಕೆ ಆಡಿಸುವ ಸ್ನಾಯುವನ್ನು ಹರಿಯದ ಹಾಗೆ ಎಳೆಯೆಳೆಯಾಗಿ ತೆಗೆಯುವುದರಲ್ಲಿ ಅವನಿಗೆ ಸಮನಾದ ಕೈ ನಮ್ಮಲ್ಲಿಲ್ಲ.

ಹೊರಡುವ ಮುನ್ನ ಅವ್ವ ಕೇಳಿದಳು: "ಅಲ್ಲಾ ಕೂಸೇ, ಆ ಉಳದ ಮೈಯಾಗೆ ಏನ್ ನೋಡಕೆ ಅಷ್ಟ್ ದೂರ ಓಗೀರಿ?"

ಹಿತ್ತಲಿನ ಬಾಳೆಗೊನೆ ತೋರಿಸಿ ಹೇಳಿದೆ. ಸ್ನಾಯುವಿನೊಳಗೆ ಎರಡು ಬಗೆಯ ಎಳೆಗಳಿವೆ, ದಪ್ಪನೆಯದು ಮತ್ತು ತೆಳ್ಳನೆಯದು. ದಪ್ಪ ಎಳೆ ಬಾಳೆಗೊನೆಯ ಹಾಗೆ: ನಡುವೆ ದಿಂಡು, ಸುತ್ತಲೂ ಸಮ ಅಂತರದಲ್ಲಿ ಚಿಪ್ಪುಗಳು. ಒಂದೊಂದು ಹಣ್ಣೂ ಒಂದೊಂದು ಕೈ. ಆ ಕೈ ಪಕ್ಕದ ತೆಳು ಎಳೆಯನ್ನು ಹಿಡಿಯುತ್ತದೆ, ಜಗ್ಗುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅವ್ವ ಬಿಂದಿಗೆ ಎತ್ತುವಾಗ ಅವಳ ತೋಳಿನಲ್ಲಿ ಲೆಕ್ಕವಿಲ್ಲದಷ್ಟು ಕೈಗಳು ಹೀಗೆ ಜಗ್ಗುತ್ತಿರುತ್ತವೆ. ಮನುಷ್ಯನಲ್ಲಿ, ಮೇಕೆಯಲ್ಲಿ ದಿಂಡಿನ ಸುತ್ತ ಪ್ರತಿ ಮಟ್ಟದಲ್ಲಿ ಮೂರು ಹಣ್ಣು. ಈ ಹುಳುವಿನಲ್ಲಿ ನಾಲ್ಕು ಎನ್ನುತ್ತಾರೆ. ಸಮುದ್ರದ ಕೆಲವು ಚಿಪ್ಪಿನ ಪ್ರಾಣಿಗಳಲ್ಲಿ ಏಳರವರೆಗೂ ಇದೆಯಂತೆ. ಜೋಡಣೆಯೂ ಬೇರೆ. ಮೇಕೆಯಲ್ಲಿ ಒಂದು ತೆಳು ಎಳೆ ಮೂರು ದಪ್ಪ ಎಳೆಗಳ ನಡುವೆ ನಿಂತಿದ್ದರೆ, ಹಾರುವ ಹುಳುವಿನಲ್ಲಿ ಎರಡರ ನಡುವೆ ನಿಂತಿರುತ್ತದೆ.

"ಗೊನೆ ಎಣ್ಸಕೆ ಇಮಾನ ಅತ್ತೀರಾ? ಇತ್ಲಲ್ಲೇ ಅದಲ್ಲ, ಎಣ್ಕೊ" ಎಂದಳು ಅವ್ವ.

ತೊಂದರೆ ಏನೆಂದರೆ ಈ ಗೊನೆ ಕಣ್ಣಿಗೆ ಕಾಣುವುದಿಲ್ಲ. ಸ್ನಾಯುವಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಆಚೆ ಬದಿಯ ಫಿಲಂ ಮೇಲೆ ಚುಕ್ಕೆಗಳು ಬೀಳುತ್ತವೆ. ಎಳೆಗಳು ಶಿಸ್ತಾಗಿ ನಿಂತಿದ್ದರೆ ಚುಕ್ಕೆಗಳೂ ಸಾಲಾಗಿ ಬೀಳುತ್ತವೆ, ಆ ಸಾಲಿನಿಂದ ಎಳೆಗಳ ಜೋಡಣೆಯನ್ನು ಲೆಕ್ಕ ಹಾಕಬೇಕು. ಅದಕ್ಕೆ ಬೇಕಾದಷ್ಟು ಪ್ರಖರ ಕಿರಣ ಹುಟ್ಟುವುದು ಊರಗಲದ ಉಂಗುರದಂಥ ಯಂತ್ರದಲ್ಲಿ. ಹ್ಯಾಂಬರ್ಗಿನಲ್ಲಿರುವ ಅಂಥದೊಂದರಲ್ಲಿ ನಮಗೆ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ ಕೊಟ್ಟಿದ್ದರು.

ಪಿಎಚ್‌ಡಿಗಾಗಿ ಮಾದಣ್ಣ ಮಾಡಿದ ನಾಲ್ಕು ವರ್ಷದ ದುಡಿಮೆ ಆ ಮೂರು ದಿನಗಳ ಮೇಲೆ ನಿಂತಿತ್ತು. ನಮ್ಮ ಗುರುಗಳು ಸ್ಪಷ್ಟವಾಗಿಯೇ ಹೇಳಿದ್ದರು: "ಬೇರೆಯವರೆಲ್ಲ ಪೂರ್ವ ದೇಶಗಳ ಹುಳು ತರಿಸಿಕೊಳ್ತಾರೆ. ನಮ್ಮ ಕೆರೆಯ ಹುಳುವಿನಿಂದ ಒಳ್ಳೆಯ ಚಿತ್ರ ಇನ್ನೂ ಬಂದಿಲ್ಲ. ಈ ಸಲವೂ ಬರದಿದ್ರೆ ಇದನ್ನ ಕೈಬಿಡಿ, ಮೇಕೆ ಸ್ನಾಯುವಿನಿಂದ ಮತ್ತೆ ಶುರುಮಾಡಿ." ಐದನೇ ವರ್ಷದಲ್ಲಿ ಮತ್ತೆ ಶುರುಮಾಡಲು ಅವನಿಗೆ ಕಾಲವಿರಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಮಾದಣ್ಣ ಸೋಮವಾರ ಹುಳು ಕೊಲ್ಲುವುದಿಲ್ಲ. ಸೋಮವಾರ ನಮ್ಮ ಸೀಮೆಯ ದೇವರು ಮಾದಪ್ಪನ ದಿನ. ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಗೂಡಿನೊಳಗಿನ ಹುಳುವನ್ನು ಹಬೆಯಲ್ಲಿ ಕೊಲ್ಲುತ್ತಾರೆಂದು ಅವನ ತಾಯಿ ಸೋಮವಾರ ಗೂಡನ್ನು ಮಾರುಕಟ್ಟೆಗೂ ಕಳಿಸುವುದಿಲ್ಲ. ಈ ಕೆಲಸಕ್ಕೆ ಸೇರಿದ ದಿನ ಮಾದಣ್ಣ ಮಾದಪ್ಪನ ಬೆಟ್ಟಕ್ಕೆ ಹೋಗಿ ಮಾತು ಕೊಟ್ಟು ಬಂದಿದ್ದ: ಹೊಟ್ಟೆಪಾಡಿಗೆ ಆರು ದಿನ ಜೀವ ತೆಗೀತೀನಿ, ಒಂದು ದಿನ ಮುಟ್ಟಲ್ಲ.

ವಿಮಾನ ನಿಲ್ದಾಣಗಳು

ಕ್ಯಾರಿಯರಿನ ಹುಳುಗಳು ಕಷ್ಟಕಾಲಕ್ಕೆಂದು ತಂದವು. ನಮ್ಮ ನಿಜವಾದ ಸರಕು ಐಸ್ ತುಂಬಿದ ಫ್ಲಾಸ್ಕಿನಲ್ಲಿತ್ತು: ಗ್ಲಿಸರಿನ್ನಿನಲ್ಲಿ ನೆನೆಸಿಟ್ಟ ಸ್ನಾಯುಗಳು, ಮಾದಣ್ಣ ಮೂರು ತಿಂಗಳಿಂದ ಸಿದ್ಧಪಡಿಸಿದ್ದು. ನಡುವೆ ವಿಮಾನ ಬದಲಿಸುವ ಊರಿನಲ್ಲಿ ಒಂದು ಹಗಲು, ಒಂದು ರಾತ್ರಿ ಕಾಯಿಸಿದರು. ಐಸ್ ಕರಗಿತು. ಕಾಫಿ ಕೌಂಟರಿನ ಹುಡುಗಿಯಲ್ಲಿ ಐಸ್ ಕೇಳಿದರೆ ಎರಡು ಲೋಟಕ್ಕೆ ಎರಡೆರಡು ತುಂಡು ಹಾಕಿ, ಮೇಲೆ ನಿಂಬೆಹೋಳು ಸಿಕ್ಕಿಸಿ ಕೊಟ್ಟಳು. ನಿಂಬೆ ನಾವು ತಿಂದೆವು, ಐಸ್ ಫ್ಲಾಸ್ಕಿಗೆ ಹೋಯಿತು. ಅವಳು ನೋಡುತ್ತಲೇ ಇದ್ದಳು.

ಹ್ಯಾಂಬರ್ಗಿನಲ್ಲಿ ಕಸ್ಟಮ್ಸ್ ಅಧಿಕಾರಿ ಕ್ಯಾರಿಯರಿನ ಮೇಲಿನ ಡಬ್ಬಿ ತೆರೆಸಿದ. ಗಂಡು ನೀರು ತಿಗಣೆಗೆ ಮಾಗಿದ ಹಣ್ಣಿನಂಥ ವಾಸನೆಯಿದೆ. ಆತ ನಗುತ್ತ ಮೂಗು ಹತ್ತಿರ ತಂದ. ಊಟವೇ ಎಂದು ಕೇಳಿದ. ಅಷ್ಟರಲ್ಲಿ ಹುಳು ಇಕ್ಕಳದ ಕಾಲೆರಡನ್ನೂ ಎತ್ತಿತು. ಆಮೇಲೆ ಆತ ನಮ್ಮ ಕಾಗದಗಳನ್ನು ಎರಡು ಮೇಜಿನಾಚೆ ನಿಂತೇ ಓದಿದ. ಉಳಿದ ಡಬ್ಬಿಗಳನ್ನು ತೆರೆಸಲಿಲ್ಲ.

ಶನಿವಾರ

ನವೆಂಬರಿನ ಕೊನೆ. ಎಂಟು ಗಂಟೆಯಾದರೂ ಬೆಳಕಿಲ್ಲ. ಬೆಳಕು ಬಂದಮೇಲೂ ಸೂರ್ಯನಿಲ್ಲ. ನೆನೆಸಿಟ್ಟ ಬಟ್ಟೆಯಂಥ ಆಕಾಶ. ನಮ್ಮಲ್ಲಿ ಹೊತ್ತು ಹುಟ್ಟುವುದನ್ನು ಪಂಚಾಂಗದವರು ಬಿಟ್ಟರೆ ಯಾರೂ ಬರೆದಿಡುವುದಿಲ್ಲ, ಇಲ್ಲಿ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಾರೆ. ನಾನು ಮೂರು ದಿನದ್ದನ್ನೂ ಡೈರಿಗೆ ಇಳಿಸಿಕೊಂಡೆ.

ದಾರಿಯಲ್ಲಿ ಪಾದಚಾರಿಗಳ ಕೆಂಪು ದೀಪ. ಎಡಕ್ಕೂ ಬಲಕ್ಕೂ ಒಂದು ಸೈಕಲ್ಲೂ ಇಲ್ಲ. ಆದರೂ ಏಳೆಂಟು ಜನ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾರೆ. ಮಾದಣ್ಣ ದಾಟಿಬಿಟ್ಟ. ಆಚೆ ಬದಿ ಒಂದು ಮುದುಕಿ ಅವನನ್ನು ತಡೆದು ಚೆನ್ನಾಗಿ ಬೈದಳು. "ಏನಂತಲಾ ಅಜ್ಜಿ?" ಎಂದ. ಗೊತ್ತಿಲ್ಲ ಎಂದೆ. "ನಮ್ಮ ದೊಡ್ಡವ್ವನ ತರಾನೇ ಬೋಯ್ತಳ ಕಣ್ಲಾ. ಬಾಸೆ ಬೇರೆ, ರಾಗ ಒಂದೇ."

ಪ್ರಯೋಗಾಲಯದಲ್ಲಿ ನಮ್ಮನ್ನು ನೋಡಿಕೊಂಡವರು ರೇನಾಟಾ, ಐವತ್ತರ ಆಸುಪಾಸಿನ ವಿಜ್ಞಾನಿ. ಕೆಲಸಕ್ಕೆ ಮೊದಲು ಮಧ್ಯಾಹ್ನ ಎರಡರೊಳಗೆ ತಿಂಡಿ ಕೊಂಡಿಡಿ ಎಂದರು. ಎರಡು ಗಂಟೆಗೆ ಮುಚ್ಚಿದ ಅಂಗಡಿ ತೆರೆಯುವುದು ಸೋಮವಾರವಂತೆ. ಇಷ್ಟು ದೊಡ್ಡ ಊರು ಒಂದೂವರೆ ದಿನ ಬಾಗಿಲು ಹಾಕುತ್ತದೆ ಎಂದರೆ ನಾವು ನಂಬಲಿಲ್ಲ. ಆಮೇಲೆ ಹೋದೆವು. ಎಲ್ಲ ಬಾಗಿಲೂ ಮುಚ್ಚಿದ್ದವು. ಉಳಿದದ್ದು ಅವ್ವ ಕಟ್ಟಿಕೊಟ್ಟ ಒಂದು ಹಿಡಿ ಹುರಿಗಾಳು. ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ಉಪವಾಸ ಮಲಗಿದ್ದನ್ನು ಊರಿನಲ್ಲಿ ಹೇಳಿದರೆ ಇನ್ನೂ ನಗುತ್ತಾರೆ.

ಅಂದು ಆರು ಫಿಲಂ ತೆಗೆದೆವು. ಆರರಲ್ಲೂ ಚುಕ್ಕೆಗಳ ಬದಲು ಒಂದು ಮಬ್ಬು ಉಂಗುರ.

ಭಾನುವಾರ

ಬೆಳಿಗ್ಗೆ ಅತಿಥಿಗೃಹದ ಹಿತ್ತಲಿನಲ್ಲಿ ನಾನು ಎರಡು ಬನಿಯನ್ ಒಗೆದು ತಂತಿಗೆ ಹಾಕಿದೆ. ಮನೆಯೊಡತಿ ಓಡಿಬಂದು ತಾನೇ ಅವನ್ನು ತೆಗೆದು ನನ್ನ ಕೈಗಿತ್ತರು. ಭಾನುವಾರ ಬಟ್ಟೆ ಒಣಗಿಸಬಾರದು, ನೆರೆಯವರು ಏನೆಂದುಕೊಂಡಾರು ಎಂದು ಸನ್ನೆಯಲ್ಲೇ ತಿಳಿಸಿದರು. ಒದ್ದೆ ಬನಿಯನ್ನನ್ನು ಕೋಣೆಯ ಹೀಟರಿನ ಮೇಲೆ ಹಾಕಿದೆ. ಅದಕ್ಕೆ ಅವರ ಆಕ್ಷೇಪವಿರಲಿಲ್ಲ. ಹೊರಗೆ ಕಾಣಬಾರದು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಫ್ಲಾಸ್ಕಿನಲ್ಲಿದ್ದ ಸ್ನಾಯುವೆಲ್ಲ ಮುಗಿಯಿತು. ಎಲ್ಲದರಲ್ಲೂ ಉಂಗುರವೇ. ಎಳೆಗಳು ಇವೆ, ಆದರೆ ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿವೆ ಎಂದು ಅದರ ಅರ್ಥ. ನಾನು ಹೇಳಿದ್ದ ಬಾಳೆಗೊನೆಯ ಹೋಲಿಕೆಯನ್ನು ನೆನಪಿಟ್ಟಿದ್ದ ರೇನಾಟಾ ಮೆಲ್ಲಗೆ, "ದಾರಿಯಲ್ಲಿ ಬಿಸಿಯಾಗಿದೆ. ಹಣ್ಣುಗಳು ಗೊನೆಯಿಂದ ಉದುರಿವೆ" ಎಂದರು. ಮಾದಣ್ಣ ಫಿಲಂಗಳನ್ನು ಒಂದರ ಮೇಲೊಂದು ಅಂಚು ಸರಿಮಾಡಿ ಜೋಡಿಸಿಟ್ಟ.

ಉಳಿದದ್ದು ಸೋಮವಾರ ಮಧ್ಯಾಹ್ನದ ಕಿರಣ ಮತ್ತು ನಾಲ್ಕು ಜೀವಂತ ಹುಳು. ಹೊಸ ಸ್ನಾಯುವನ್ನು ಸೋಪಿನಂಥ ದ್ರಾವಣದಲ್ಲಿ ಕೆಲವು ಗಂಟೆ ನೆನೆಸಿದರೆ ಹೊರಪೊರೆ ಕರಗಿ ಎಳೆಗಳು ಸಿದ್ಧವಾಗುತ್ತವೆ. ಈಗಲೇ ಬಿಡಿಸೋಣ ಎಂದೆ. ಆಗದೆಂದು ರೇನಾಟಾ ತಲೆಯಾಡಿಸಿದರು. ಹುಳು ಬಿಡಿಸುವ ತಣ್ಣನೆಯ ಕೋಣೆಯ ಬೀಗದಕೈ ಅಲ್ಲಿನ ಹಿರಿಯ ಸಹಾಯಕರ ಬಳಿ ಇತ್ತು. ಅವರು ಬರುವುದು ಸೋಮವಾರ ಬೆಳಿಗ್ಗೆ ಆರೂವರೆಗೆ. ಮನೆಗೆ ಹೋಗಿ ಕರೆಯಬಾರದೇ ಎಂದೆ. "ಭಾನುವಾರವೇ?" ಎಂದರು, ನಾನೇನೋ ಕೆಟ್ಟ ಮಾತಾಡಿದ ಹಾಗೆ.

ಆಗ ಮಾದಣ್ಣ ಕನ್ನಡದಲ್ಲೇ ಹೇಳಿದ: "ಸೋಮಾರ ನಾನು ಮುಟ್ಟಲ್ಲ ಕಣ್ಲಾ. ಅವ್ರಿಗೆ ಹೇಳ್ಬುಡು."

ನನಗೆ ನಾಚಿಕೆಯಾಯಿತು. ಉಂಗುರದಾಕಾರದ ಆ ಮಹಾಯಂತ್ರದ ಪಕ್ಕ ನಿಂತು ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ತಡವರಿಸುತ್ತ ಹೇಳಿದೆ. ರೇನಾಟಾ ನಗಲಿಲ್ಲ. "ಕ್ರಿಸ್ಮಸ್ಸಿನಿಂದ ಹೊಸವರ್ಷದವರೆಗೆ ನನ್ನ ಅಜ್ಜಿ ಬಟ್ಟೆ ಒಣಗಿಸುತ್ತಿರಲಿಲ್ಲ. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನೂ ಒಣಗಿಸುವುದಿಲ್ಲ" ಎಂದರು. ಸ್ವಲ್ಪ ತಡೆದು, "ಆದರೆ ಮಂಗಳವಾರದಿಂದ ಕಿರಣ ಬೇರೆಯವರದು" ಎಂದರು.

ನಾನೇ ಕೊಲ್ಲುತ್ತೇನೆ, ನೀನು ಸ್ನಾಯು ಮಾತ್ರ ತೆಗೆ ಎಂದೆ.

"ಕುರಿ ನೀನು ಕೂದು ಸಾರು ನಾನು ಉಂಡ್ರೆ ನಂದೇನಿಲ್ವಾ? ಸುಮ್ನಿರ್ಲಾ."

ಕೊನೆಗೆ ಅವನೇ ಫೋನ್ ಮಾಡುತ್ತೇನೆಂದ. ಸಂತೆಮರಹಳ್ಳಿ ಬಸ್ ನಿಲ್ದಾಣದ ಬಳಿಯ ಎಸ್‌ಟಿಡಿ ಬೂತಿಗೆ ಒಮ್ಮೆ ಮಾಡಿ ತಾಯಿಯನ್ನು ಕರೆಸಲು ಹೇಳಿದ. ಗಾಜಿನ ಗೂಡಿನಲ್ಲಿ ಕಾಯ್ದು ಮತ್ತೆ ಮಾಡಿದ. ಅಲ್ಲಿ ಸಂಜೆ. ಅವನ ತಾಯಿ ಚಿಕ್ಕತಾಯಮ್ಮನ ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿತ್ತು, ಜರ್ಮನಿಗೆ ಕೂಗಿ ಹೇಳಬೇಕೆಂದು ಅವರು ತಿಳಿದಿದ್ದರು.

"ಉಂಡ್ಯಾ ಮಗ?"

"ಉಂಡಿ ಕನವ್ವ." ಉಂಡಿರಲಿಲ್ಲ. ವಿಷಯ ಹೇಳಿದ. ಆ ಕಡೆ ಒಂದು ಕ್ಷಣ ಬಸ್ಸಿನ ಹಾರನ್ ಮಾತ್ರ ಕೇಳಿಸಿತು.

"ಅಲ್ಲಿ ಹೊತ್ತು ಎಷ್ಟೊತ್ಗೆ ಉಟ್ತದಪ್ಪ?"

ಮಾದಣ್ಣ ನನ್ನನ್ನು ನೋಡಿದ. "ಎಂಟಕ್ಕೆ" ಎಂದೆ. ಅವನು ಅದನ್ನೇ ಹೇಳಿದ.

"ಎಂಟ್ಕಾ! ಅಯ್ಯೋ ಸೋಂಬೇರಿ ಹೊತ್ತೇ! ನಮ್ಮೂರಲ್ಲಿ ಅಷ್ಟೊತ್ಗೆ ಉಳಕ್ಕೆ ಒಂದ್ ಸಲ ಸೊಪ್ಪು ಆಕಿ ಆಗಿರ್ತದ. ಕೇಳ್ ಮಗ. ಹೊತ್ತು ಉಟ್ಟಗಂಟ ಭಾನ್ವಾರವೇ. ಗಡಿಯಾರದ್ ಸೋಮಾರ ಗೌರ್ಮೆಂಟ್ದು, ಮಾದಪ್ಪಂದಲ್ಲ. ಆದ್ರ ಹೊತ್ತು ಉಟ್ಟುದ್ಮೇಲೆ ಒಂದೂ ಮುಟ್ಬೇಡ. ಒಂದೇ ಬಾಕಿ ಅದ, ಒಂದೇ ನಿಮಿಷ ಅಂತ ನ್ಯಾಯ ಮಾಡ್ಬೇಡ."

"ಇಲ್ಲ ಕನವ್ವ."

"ರಾಜನ ಕೈಲಿ ಮಾತ್ರ ಚಾಕು ಕೊಡ್ಬೇಡ, ಬೆರ್ಳು ಕೂದ್ಕಂಡನು" ಎಂದರು. ಅದೂ ನನಗೆ ಕೇಳಿಸಿತು.

ಸೋಮವಾರ, ಬೆಳಗಾಗುವ ಮುನ್ನ

ಆರೂವರೆಗೆ ಸರಿಯಾಗಿ ಬೀಗ ತೆರೆಯಿತು. ಹೊರಗೆ ಕಗ್ಗತ್ತಲು. ತಣ್ಣನೆಯ ಕೋಣೆಯಲ್ಲಿ ಉಸಿರು ಹೊಗೆಯಾಗುತ್ತಿತ್ತು. ಮಾದಣ್ಣ ಕ್ಯಾರಿಯರಿನ ಮುಂದೆ ಒಂದು ಗಳಿಗೆ ಕಣ್ಣುಮುಚ್ಚಿ ನಿಂತು ತಳದ ಡಬ್ಬಿ ತೆರೆದ.

ಊರಿನಲ್ಲಿ ಸೊಳ್ಳೆ ಹೊಡೆದುಕೊಳ್ಳುತ್ತ, ಹಾಡು ಗುನುಗುತ್ತ ಮಾಡುವ ಕೆಲಸ. ಇಲ್ಲಿ ಬೆರಳು ಮರಗಟ್ಟಿತ್ತು. ಮೊದಲ ಹುಳುವಿನ ಸ್ನಾಯು ಚಿಮುಟಕ್ಕೆ ಸಿಕ್ಕಿ ಹರಿಯಿತು. ಅವನು ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಎರಡನೆಯದನ್ನು ತೆಗೆದ. ಅದರ ಸ್ನಾಯು ಬಿಳುಚಿಕೊಂಡು ಲೋಳೆಯಾಗಿತ್ತು. ದಾರಿಯಲ್ಲೇ ಕಾಯಿಲೆ ಬಿದ್ದಿರಬೇಕು. ಮೂರನೆಯದನ್ನು ಬಿಡಿಸುವಾಗ ಅವನು ಅವಸರ ಬಿಟ್ಟಿದ್ದ. ಜೇನುಬಣ್ಣದ ನಾರುಗಳು ಒಂದಕ್ಕೊಂದು ಅಂಟಿಕೊಂಡೇ, ಹರಿಯದೆ ಇಡಿಯಾಗಿ ಬಂದವು. ಸಾಕಷ್ಟು ಇರಲಿಲ್ಲ. ಅವುಗಳಲ್ಲಿ ಕಿರಣಕ್ಕೆ ಕಟ್ಟಲು ಬರುವಂತಿದ್ದದ್ದು ಒಂದೇ ಒಂದು ಕಟ್ಟು. ಅದು ಕೆಟ್ಟರೆ ಬದಲಿಯಿಲ್ಲ.

ಮಾದಣ್ಣ ತಲೆಯೆತ್ತಿ ಕಿಟಕಿ ನೋಡಿದ. ಕರಿ ಹೋಗಿ ಬೂದಿಬಣ್ಣ ಬಂದಿತ್ತು. ಗೋಡೆಯ ಗಡಿಯಾರ ಎಂಟು ದಾಟಿತ್ತು. ಅವನು ಕತ್ತರಿ ಕೆಳಗಿಟ್ಟ. ನಾಲ್ಕನೇ ಡಬ್ಬಿಯ ಮುಚ್ಚಳ ತೆರೆದೇ ಇತ್ತು.

"ಮಾದಣ್ಣ, ಸೂರ್ಯ ಎಲ್ಲವ್ನೆ? ಬರೀ ಮೋಡ. ಮೂರು ದಿನದಿಂದ ನಾವು ಇಲ್ಲಿ ಸೂರ್ಯನ್ನೇ ಕಂಡಿಲ್ಲ" ಎಂದೆ. ನನಗೆ ಅಳುವೇ ಬಂದಿತ್ತು. ಅವನ ನಾಲ್ಕು ವರ್ಷ ಆ ಡಬ್ಬಿಯಲ್ಲಿ ಕೂತಿತ್ತು.

"ಕಾಣ್ನಿಲ್ಲ ಅಂದ್ರೆ ಉಟ್ನಿಲ್ಲ ಅನ್ನಕಾಯ್ತದೇನ್ಲಾ? ಆ ಎಳೆ ನೀನು ಕಂಡಿದ್ದೀಯಾ? ಗೊನೆ, ಚಿಪ್ಪು ಅಂತ ಊರಿಗೆಲ್ಲಾ ಹೇಳ್ಕಂಡ್ ಬಂದೆ. ಕಂಡಿದ್ದೀಯಾ? ಲೆಕ್ಕ ಹೇಳ್ತದ, ನಂಬಿದ್ದೀವಿ. ನಿನ್ ಡೈರೀಲಿ ಇವತ್ತು ಹೊತ್ತು ಉಟ್ಟದು ಎಷ್ಟಕ್ಕೆ ಅಂತ ಬರ್ದಿದ್ದೀಯ? ಓದು."

ನಾನು ಓದಲಿಲ್ಲ. ಅವನು ನಾಲ್ಕನೇ ಹುಳುವಿನ ಬಟ್ಟೆಗೆ ನೀರು ಚಿಮುಕಿಸಿ ಮುಚ್ಚಳ ಹಾಕಿದ.

ಸೋಮವಾರ, ಮಧ್ಯಾಹ್ನ

ದ್ರಾವಣದಲ್ಲಿ ನೆನೆದ ಆ ಒಂದೇ ಕಟ್ಟನ್ನು ಎರಡು ಸೂಜಿಗಳ ನಡುವೆ ಬಿಗಿದು ಕಿರಣಕ್ಕೊಡ್ಡಿದೆವು. ಆ ಕೋಣೆಯಲ್ಲಿ ಜನ ಇರುವಂತಿಲ್ಲ. ದಪ್ಪ ಬಾಗಿಲು ಮುಚ್ಚಿ, ಎಚ್ಚರಿಕೆಯ ದೀಪ ಹತ್ತಿ, ಹೊರಗೆ ಕುರ್ಚಿಯಲ್ಲಿ ಕಾಯುವುದಷ್ಟೇ. ಮಾದಣ್ಣ ಕೈಕಟ್ಟಿ ಕೂತಿದ್ದ. ರೇನಾಟಾ ಮನೆಯಿಂದ ತಂದ ಕಪ್ಪು ರೊಟ್ಟಿ ಕೊಟ್ಟರು. ಇಟ್ಟಿಗೆಯಷ್ಟು ಗಟ್ಟಿ, ಹುಳಿ ಹುಳಿ. ಎರಡು ದಿನದ ಹಸಿವಿಗೆ ಅದು ಮುದ್ದೆಯ ನೆಂಟನ ಹಾಗೆ ಕಂಡಿತು.

ಫಿಲಂ ತೊಳೆದು ತಂದ ರೇನಾಟಾ ಅದನ್ನು ಬೆಳಕಿಗೆ ಹಿಡಿದರು. ಮಾದಣ್ಣನ ಕೈಗೆ ಕೊಟ್ಟರು.

ಉಂಗುರವಿರಲಿಲ್ಲ. ನಡುವಿನಿಂದ ಎಡಕ್ಕೂ ಬಲಕ್ಕೂ ಚುಕ್ಕೆಗಳು, ಮೇಲಕ್ಕೂ ಕೆಳಕ್ಕೂ ಸಾಲು ಸಾಲು, ಹೊಸ್ತಿಲಿಗೆ ಇಟ್ಟ ರಂಗೋಲಿಯ ಚುಕ್ಕೆಗಳಷ್ಟು ಅಚ್ಚುಕಟ್ಟು. ಅಡ್ಡ ಸಾಲಿನಲ್ಲಿ ಯಾವ ಚುಕ್ಕೆ ಗಾಢ, ಯಾವುದು ತೆಳು ಎಂಬುದನ್ನು ಅಳೆದರೆ ತೆಳು ಎಳೆ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ. ಎರಡು ದಪ್ಪ ಎಳೆಗಳ ನಡುವೆಯೇ ಇತ್ತು, ಹಾರುವ ಹುಳುವಿನಲ್ಲಿ ಇರಬೇಕಾದ ಕಡೆ. ಒಂದೊಂದು ಮಟ್ಟದಲ್ಲಿ ಎಷ್ಟು ಹಣ್ಣು ಎಂಬುದನ್ನು ಈ ಒಂದು ಚಿತ್ರ ಹೇಳುವುದಿಲ್ಲ. ಅದಕ್ಕೆ ಇನ್ನೂ ಕೆಲಸವಿದೆ. ಆದರೆ ಗೊನೆ ಇಡಿಯಾಗಿತ್ತು. ಇನ್ನು ಎಣಿಸಬಹುದು.

ಮಾದಣ್ಣ ಬಹಳ ಹೊತ್ತು ನೋಡಿದ. "ಹಂಗಳದ ಕೆರೇದು ಕಣ್ಲಾ" ಎಂದ. ರೇನಾಟಾರ ಕಡೆ ತಿರುಗಿ, ಸಣ್ಣ ಮೀನೊಂದು ಸಿಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾಲ್ಕನೆಯ ಹುಳು ಊರು ಬಿಟ್ಟಾಗಿನಿಂದ ಏನೂ ತಿಂದಿರಲಿಲ್ಲ.

ಹಂಗಳದ ಕೆರೆ

ಮಂಗಳವಾರ ಕಿರಣ ಬೇರೆಯವರದಾಯಿತು. ಹುಳುವನ್ನು ಕೊಲ್ಲಲು ಇನ್ನು ಕಾರಣವಿರಲಿಲ್ಲ. ಆ ಚಳಿ ನಾಡಿನಲ್ಲಿ ಬಿಡುವಂತೆಯೂ ಇರಲಿಲ್ಲ. ಕ್ಯಾರಿಯರಿನ ಮೂರು ಡಬ್ಬಿ ಖಾಲಿ, ನಾಲ್ಕನೆಯದರಲ್ಲಿ ಅದು, ಹೀಗೆ ವಾಪಸು ಹೊರಟೆವು. ನಮ್ಮ ದೇಶದ ಕಸ್ಟಮ್ಸಿನವರು ಮುಚ್ಚಳ ತೆಗೆಸಿ ಹುಬ್ಬೇರಿಸಿದರು.

"ಏನ್ರೀ ಇದು, ಫಾರಿನ್ ಹುಳನಾ?"

"ಇಲ್ಲ ಸಾರ್, ಗುಂಡ್ಲುಪೇಟೇದು" ಎಂದ ಮಾದಣ್ಣ.

ಅವರು ಬಹಳ ಹೊತ್ತು ನಮ್ಮ ಮುಖ ನೋಡಿ, ಹೋಗಿ ಎಂದರು.

ಭಾನುವಾರ ಸಂಜೆ ಅವನು ಸಂತೆಮರಹಳ್ಳಿಯಿಂದ ಬಸ್ಸಿನಲ್ಲಿ ಹಂಗಳಕ್ಕೆ ಬಂದ. ಇಬ್ಬರೂ ಕೆರೆ ಏರಿಯ ಮೇಲೆ ಕೂತೆವು. ಹೊತ್ತು ಮುಳುಗುತ್ತಿತ್ತು, ಕೆಂಪಗೆ, ಯಾರ ಲೆಕ್ಕದ ಹಂಗೂ ಇಲ್ಲದೆ ಕಣ್ಣಿಗೆ ಕಾಣುವ ಹಾಗೆ. ಅವನು ಹುಳುವನ್ನು ಅಂಗೈ ಮೇಲಿಟ್ಟುಕೊಂಡ. ಅದು ನೀರಿಗೆ ಇಳಿಯಲಿಲ್ಲ. ನಿಂತಲ್ಲೇ ನಡುಗತೊಡಗಿತು. ಹಾರುವ ಮುನ್ನ ಈ ಹುಳು ಹೀಗೆ ನಡುಗಿ ಎದೆಯ ಸ್ನಾಯುವನ್ನು ಬಿಸಿಮಾಡಿಕೊಳ್ಳುತ್ತದೆ. ಆಮೇಲೆ ಪ್ರತಿ ಬಡಿತಕ್ಕೂ ನರ ಹೇಳಬೇಕಿಲ್ಲ. ತೂಗಿಬಿಟ್ಟ ಉಯ್ಯಾಲೆಯ ಹಾಗೆ, ಒಂದು ಕಡೆಯ ಸ್ನಾಯು ಎಳೆದರೆ ಹಿಗ್ಗಿದ ಇನ್ನೊಂದು ಕಡೆಯದು ತಾನಾಗಿ ಮರಳಿ ಎಳೆಯುತ್ತದೆ. ನಾವು ಚುಕ್ಕೆಗಳಾಗಿ ಕಂಡದ್ದು 'ಜುಂ' ಎಂದು ಅವನ ಅಂಗೈಯಲ್ಲಿ ಮಿಡಿಯುತ್ತಿತ್ತು.

"ಮುಟ್ಟಿ ನೋಡ್ಲಾ" ಎಂದ. ಬೆರಳಿಟ್ಟೆ. ಬೆಚ್ಚಗಿತ್ತು.

ಹುಳು ಎದ್ದಿತು. ಕೆರೆಯ ಮೇಲೆ ಒಂದು ಸುತ್ತು ಹೊಡೆದು ಊಟಿ ರಸ್ತೆಯ ಕಡೆ ತಿರುಗಿತು. ದೂರದಲ್ಲಿ ಆಗಷ್ಟೇ ದೀಪಗಳು ಹತ್ತಿದ್ದವು.

"ಹೋಯ್ತಲ್ಲ ಮಾದಣ್ಣ, ಲೈಟಿನ ಕಡೆಗೇ! ಬೆಳಿಗ್ಗೆ ಬಂಕಿನ ಹತ್ರ ಬಿದ್ದಿರ್ತದೆ" ಎಂದೆ.

ಅವನು ಕ್ಯಾರಿಯರಿನ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ ಕೊಂಡಿ ಹಾಕಿದ.

"ಬಿದ್ದಿರ್ಲಿ ಬುಡು. ನಾಳೆ ಸೋಮಾರ. ನಡಿ ಓಗನ."